ಒಂದು ‘ಹೂಂ’ಗೆ ಬೇಕಾದಷ್ಟು ಮೌನ

ಕಡಲ ಪಕ್ಕದ ಆ ಊರಿನಲ್ಲಿ ಗಟ್ಟಿಯಾಗಿ ಮಾತನಾಡುವವನು ಒಬ್ಬನೇ ಒಬ್ಬನಿದ್ದ. ದೋಣಿಕಟ್ಟೆಯ ಮೇಲೆ ನಿಂತು, ತಗಡಿನ ಕಹಳೆಯನ್ನು ಬಾಯಿಗೆ ಹಿಡಿದು, ಆಚೆ ದಡಕ್ಕೆ ಹೋಗುವ ನೀಲಿ ದೋಣಿಗೆ ಜನರನ್ನು ಕೂಗಿ ಕರೆಯುವುದು ಅವನ ಕೆಲಸ. ಅವನು ‘ಹೊರಟಿತು, ಹೊರಟಿತು’ ಎಂದರೆ ಸ್ನಾನಕ್ಕೆ ಇಳಿದಿದ್ದವರು ಸೋಪು ತೊಳೆಯದೆ ಓಡಿಬರುತ್ತಿದ್ದರು. ಊರವರು ಅವನನ್ನೇ ಕಹಳೆ ಎಂದು ಕರೆಯತೊಡಗಿ ಎಷ್ಟೋ ಕಾಲವಾಗಿತ್ತು. ಉಳಿದವರೆಲ್ಲ ಮೆಲುದನಿಯವರು. ಅಲ್ಲಿ ಗಂಡಹೆಂಡಿರ ಜಗಳವೂ ಪಿಸುಮಾತಿನಲ್ಲೇ ನಡೆಯುತ್ತಿತ್ತು. ಪಕ್ಕದ ಮನೆಯವರಿಗೆ ಅದರ ರುಚಿ ನೋಡಬೇಕೆಂದರೆ ಗೋಡೆಗೆ ಕಿವಿ ಆನಿಸಬೇಕಿತ್ತು.

ಆಮೇಲೆ ಕಹಳೆಯ ಗಂಟಲಿನಲ್ಲಿ ಒಂದು ಗಂಟು ಬೆಳೆಯಿತು. ಡಾಕ್ಟರು ಗಂಟನ್ನು ತೆಗೆಯುವಾಗ ದನಿಯೂ ಅದರ ಜೊತೆಗೇ ಹೋಯಿತು. ಉಳಿದದ್ದು ಬರೀ ಉಸಿರು. ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಮೂಲೆ ಸೇರುತ್ತಿದ್ದರು. ಇವನು ಹಾಗಲ್ಲ. ಆ ಉಸಿರನ್ನೇ ತುಟಿಯಲ್ಲಿ ಮಡಚಿ, ನಾಲಿಗೆಯಲ್ಲಿ ತಿದ್ದಿ, ಮಾತು ಮಾಡುವುದನ್ನು ಕಲಿತ. ಊಟದ ಹೊತ್ತಿನಲ್ಲಿ ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದರು. ಸಂಜೆಯಾಗುವಷ್ಟರಲ್ಲಿ ಉಸಿರು ಸೋತು ಮಾತು ತಾನಾಗಿ ನಿಂತುಬಿಡುತ್ತಿತ್ತು. ಹಾಗಾಗಿ ಹಗಲೆಲ್ಲ ಒಂದು ಕ್ಷಣ ಬಿಡದೆ ಮಾತಾಡುತ್ತಿದ್ದ.

ಕೇಳುವವಳು ಹೆಂಡತಿ. ಊರಿಗೆಲ್ಲ ಅವಳು ಟೈಲರಮ್ಮ. ಅವರ ಮನೆಯ ಮುಂದಿನ ಕೋಣೆಗೆ ಬೀದಿಯ ಕಡೆ ಬಾಗಿಲು, ಕಡಲಿನ ಕಡೆ ಕಿಟಕಿ. ಸೂಜಿಗೆ ಬೆಳಕು ಬೇಕು, ಆದ್ದರಿಂದ ಹೊಲಿಗೆ ಮಿಷಿನ್ನು ಬಾಗಿಲ ಬಳಿ. ಕಹಳೆಗೆ ದೋಣಿಗಳು ಕಾಣಬೇಕು, ಆದ್ದರಿಂದ ಅವನ ಬೆತ್ತದ ಕುರ್ಚಿ ಕಿಟಕಿಯ ಬಳಿ. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂತು ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದರು. ಅವಳ ಹೊಲಿಗೆ ನಿಂತಾಗ ಅವನ ಮಾತು, ಅವನ ಮಾತು ನಿಂತಾಗ ಅವಳ ಹೊಲಿಗೆ. ನಡುನಡುವೆ ಅಲೆಗಳು ಬಂದು ಹೋಗುತ್ತಿದ್ದವು, ಕತ್ತರಿಸಿದ ಬಟ್ಟೆಯ ಚೂರುಗಳು ಗಾಳಿಗೆ ನೆಲದ ಮೇಲೆ ಮೆಲ್ಲಗೆ ಅಡ್ಡಾಡುತ್ತಿದ್ದವು.

ಅವನು ಹೇಳುತ್ತಿದ್ದದ್ದು ದೋಣಿಗಳ ಸಂಸಾರದ ಸುದ್ದಿ. ಹೂಳೆತ್ತುವ ಬೂದು ಬಣ್ಣದ ಹಡಗು ಅತ್ತೆ. ಜೊತೆಯಾಗಿ ಹೊರಡುವ ಎರಡು ಬಿಳಿ ದೋಣಿಗಳು ಓರಗಿತ್ತಿಯರು. ನೀಲಿ ದೋಣಿ ಯಾರ ಮಾತಿಗೂ ಎದುರಾಡದ ಮನೆಯಳಿಯ. ‘ಏನೇ, ಓರಗಿತ್ತಿಯರು ಇವತ್ತು ಮುಖ ತಿರುಗಿಸ್ಕೊಂಡು ನಿಂತಿದಾರೆ ಕಣೇ. ಅತ್ತೆ ಏನೋ ಕಿತಾಪತಿ ಮಾಡಿದಾಳೆ’ ಎಂದು ಅವನು ಉಸಿರಾಡಿದರೆ, ಅವಳು ಬಾಯಲ್ಲಿದ್ದ ದಾರ ಕಚ್ಚಿಕೊಂಡೇ ‘ಹೂಂ’ ಎನ್ನುತ್ತಿದ್ದಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಕೇಳಲು ಚೆನ್ನಾಗಿ ಬರುತ್ತಿತ್ತು. ಸಂಜೆ ‘ನೀಲಿ ದೋಣಿ ಬಂತು’ ಎಂದು ಅವನು ಹೇಳಿದರೆ ಅವಳು ಮಿಷಿನ್ನಿಗೆ ಹೊದಿಕೆ ಹಾಕುತ್ತಿದ್ದಳು. ಅವರ ಸಂಸಾರ ಅಷ್ಟೇ, ಆ ಮಾತು ಮತ್ತು ಆ ಹೂಂ. ಅದರಲ್ಲಿ ಅವರಿಗೆ ಯಾವ ಕೊರತೆಯೂ ಕಂಡಿರಲಿಲ್ಲ.

ಅವರ ಮನೆಯ ಪಕ್ಕದಲ್ಲಿ ದೋಣಿ ರಿಪೇರಿಯ ಹಳೆಯ ಅಂಗಳವಿತ್ತು. ಅಲ್ಲಿ ಹೋಟೆಲು ಬಂತು. ಮರಳಿನ ಮೇಲೆ ಕುರ್ಚಿಗಳು, ಬೀರುವಿನಷ್ಟು ದೊಡ್ಡ ಸ್ಪೀಕರುಗಳು, ನೀರಿನ ಮೇಲೆ ಕಿರುಚುತ್ತಾ ಗಿರಕಿ ಹೊಡೆಯುವ ಸ್ಕೂಟರುಗಳು. ಬೆಳಿಗ್ಗೆ ಬಿಸಿಲೇರಿದಾಗ ಶುರುವಾದರೆ ಕತ್ತಲಾಗುವವರೆಗೆ ಧಡ್ ಧಡ್ ಎಂದು ಒಂದೇ ಸಮನೆ. ಅಡುಗೆಮನೆಯ ಲೋಟಗಳು ನಡುಗುತ್ತಾ ನಡುಗುತ್ತಾ ತಾವೇ ನಡೆದು ಕಟ್ಟೆಯ ಅಂಚಿಗೆ ಬಂದು ನಿಲ್ಲುತ್ತಿದ್ದವು.

ಆರಂಭದ ದಿನ ಕಹಳೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಬಂದ. ಉದ್ಘಾಟನೆಯ ಊಟಕ್ಕೆಂದು ಹಾಡು ನಿಂತಿದ್ದ ಹೊತ್ತು, ಬಾಗಿಲಿನಿಂದಲೇ ತೋಳು ಚಾಚಿ, ‘ಊರಿಗೆ ಜೀವ ಬಂತು ನೋಡೇ! ಸ್ಮಶಾನದ ಥರ ಇತ್ತು ಇಷ್ಟು ದಿನ’ ಎಂದ.

ಟೈಲರಮ್ಮನಿಗೆ ಆಗಲೇ ತಲೆ ಸಿಡಿಯುತ್ತಿತ್ತು. ‘ಗಂಟಲು ಹೋದ್ರೂ ನಿಮ್ಗೆ ಗಲಾಟೆ ಹುಚ್ಚು ಹೋಗಲಿಲ್ಲ’ ಎಂದುಬಿಟ್ಟಳು.

ಅವನು ಚಾಚಿದ್ದ ತೋಳನ್ನು ಇಳಿಸಿದ. ‘ಅವರ ಕುರ್ಚಿಗಳಿಗೆ ಹಳದಿ ಗೌನು ಹೊಲಿದು ಕೊಟ್ಟೋಳು ನೀನೇ ಅಲ್ವಾ?’ ಎಂದು ಹೇಳಿ ಕಿಟಕಿಯ ಕಡೆ ಹೋಗಿ ಕೂತ. ಅವನು ಹೇಳಿದ್ದು ನಿಜ, ಕುರ್ಚಿಗಳ ಮುಸುಕೆಲ್ಲ ಅವಳ ಕೈಯದೇ. ಆದರೆ ಅವಳನ್ನು ಚುಚ್ಚಿದ್ದು ಅದಲ್ಲ, ತಾನೇ ಆಡಿದ ಗಂಟಲಿನ ಮಾತು. ಬಾಯಿ ಜಾರಿತ್ತು. ಆಡಿದ್ದನ್ನು ಹೊಲಿಗೆಯಂತೆ ಬಿಚ್ಚಿ ಮತ್ತೆ ಹೊಲಿಯುವ ಹಾಗಿರಲಿಲ್ಲ.

ಅಂದಿನಿಂದ ಅವನ ಮಾತು ನಿಂತಿತು. ಹಾಗೆಂದು ಅವಳು ಅಂದುಕೊಂಡಳು. ನೋಯಿಸಿದವಳು ನಾನೇ, ಆದರೂ ಅವರಾಗಿ ಮಾತಾಡಿಸಲಿ ಎಂದು ಕಾದಳು. ತಪ್ಪು ಮಾಡಿದವರ ಬಿಗುಮಾನ ಒಂದು ಕೈ ಹೆಚ್ಚೇ ಇರುತ್ತದೆ. ಬೆಳಿಗ್ಗೆ ಸದ್ದು ಏಳುವ ಮೊದಲಿನ ಹೊತ್ತನ್ನು ಅವಳು ಅಡುಗೆಮನೆಯಲ್ಲಿ ಕಳೆದಳು, ಅವನು ದೋಣಿಕಟ್ಟೆಯ ಕಡೆ ಅಡ್ಡಾಡಿ ಕಳೆದ. ಮಧ್ಯಾಹ್ನಗಳು ನೀರಿನೊಳಗಿನ ಮಧ್ಯಾಹ್ನಗಳಂತಾದವು. ಬೀದಿಯಲ್ಲಿ ಜನರ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಕತ್ತರಿ ಬಟ್ಟೆಯ ಮೇಲೆ ಸದ್ದಿಲ್ಲದೆ ನಡೆಯುತ್ತಿತ್ತು. ಮಿಷಿನ್ನು ತುಳಿಯುತ್ತಿದ್ದೇನೆಯೇ ಇಲ್ಲವೇ ಎಂದು ತಿಳಿಯಲು ಅವಳು ಕಾಲು ನೋಡಿಕೊಳ್ಳಬೇಕಾಗುತ್ತಿತ್ತು. ಬೆನ್ನ ಹಿಂದೆ ಒಬ್ಬ ಗಂಡ ಇದ್ದಾನೆ ಎನ್ನುವುದನ್ನು ಅವಳು ಈಗ ನಂಬಬೇಕಿತ್ತು, ಮೊದಲಿನ ಹಾಗೆ ಕೇಳಿ ತಿಳಿಯುವಂತಿರಲಿಲ್ಲ.

ಊರವರಿಗೂ ಸಾಕುಸಾಕಾಗಿತ್ತು. ದೂರು ಕೊಡುವುದೆಂದು ತೀರ್ಮಾನವಾಯಿತು. ಮುಂದಾಳು ಟೀಚರಮ್ಮ, ಜೊತೆಗೆ ಕ್ಷೌರದಂಗಡಿಯವನು, ನೀಲಿ ದೋಣಿಯ ಚಾಲಕ, ಹಿಂದೆ ಟೈಲರಮ್ಮ. ಹೋಟೆಲಿನ ಮ್ಯಾನೇಜರ್ ನಗುಮುಖದ ಹುಡುಗ, ಓಡಿಬಂದು ಎಲ್ಲರನ್ನೂ ಕೂರಿಸಿದ. ಟೀಚರಮ್ಮ ತಮ್ಮ ಜೀವಮಾನದ ಅತ್ಯಂತ ಕಟುವಾದ ಮಾತುಗಳನ್ನು ಆಡಿದರು. ಆದರೆ ಹುಟ್ಟಿದಂದಿನಿಂದ ಆಡುತ್ತಿದ್ದ ಅದೇ ಮೆಲುದನಿಯಲ್ಲಿ, ಕೈಮುಗಿದುಕೊಂಡು ಆಡಿದರು. ಸ್ಪೀಕರಿನ ಮುಂದೆ ಅದು ಯಾವ ಮೂಲೆಗೆ? ಊರವರು ಸ್ವಾಗತ ಕೋರಲು ಬಂದಿದ್ದಾರೆಂದು ತಿಳಿದು ಮ್ಯಾನೇಜರ್ ಎದೆ ಮುಟ್ಟಿಕೊಂಡು ಬಗ್ಗಿದ. ಎಲ್ಲರಿಗೂ ತಣ್ಣನೆಯ ಶರಬತ್ತು ಬಂತು. ಕುಡಿಯದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಎಲ್ಲರೂ ಕುಡಿದರು. ಹೊರಡುವಾಗ ಅವನು ಅವರ ಗೌರವಾರ್ಥ ಹಾಡನ್ನು ಇನ್ನಷ್ಟು ಜೋರು ಮಾಡಿಸಿದ.

‘ಹೇಳಿದ್ದಂತೂ ಆಯ್ತಲ್ಲ’ ಎಂದರು ಟೀಚರಮ್ಮ ದಾರಿಯಲ್ಲಿ. ಅದೂ ಯಾರಿಗೂ ಕೇಳಿಸಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸ್ಪೀಕರುಗಳು ಹಾಡಿನ ನಡುವೆಯೇ ಸತ್ತವು. ನೀರಿನ ಸ್ಕೂಟರುಗಳು ಪೆಟ್ರೋಲು ಕುಡಿಯಲು ದಡಕ್ಕೆ ಹೋಗಿದ್ದವು. ಇಡೀ ಊರಿನ ಮೇಲೆ, ಒಣಗಿದ ಮೇಲೆ ಬಿಚ್ಚಿ ಹಾಸಿದ ದೊಡ್ಡ ಬಿಳಿ ಬಟ್ಟೆಯ ಹಾಗೆ ಮೌನ ಇಳಿಯಿತು. ಅಲೆ ಬಂದದ್ದು ಕೇಳಿಸಿತು. ಎಲ್ಲೋ ಒಂದು ಬಕೆಟ್ಟಿಗೆ ನಲ್ಲಿಯಿಂದ ಹನಿ ಬಿದ್ದದ್ದು ಕೇಳಿಸಿತು. ಟೈಲರಮ್ಮ ಕಾಲು ನಿಲ್ಲಿಸಿದಳು. ಬೆನ್ನ ಹಿಂದಿನಿಂದ, ಸಣ್ಣಗೆ, ಎಡೆಬಿಡದೆ, ಆ ಉಸಿರಿನ ಮಾತು ಬರುತ್ತಿತ್ತು.

‘...ಕೋಪ ಇದ್ರೆ ಇರ್ಲಿ ಬಿಡು. ಹೂಂ ಅನ್ನೋದೇನೂ ಬೇಡ. ನೀನು ಅನ್ನದಿದ್ರೂ ನಾನು ದಿನಾ ಹೇಳ್ತಾನೇ ಇದೀನಲ್ಲ, ಇವತ್ತೂ ಹೇಳ್ತೀನಿ. ಅತ್ತೆ ಬೆಳಿಗ್ಗೆಯಿಂದ ಮೂಲೆ ಹಿಡಿದಿದಾಳೆ. ಓರಗಿತ್ತಿಯರು ರಾಜಿಯಾದ್ರು ಕಣೇ. ಒಂದೇ ಹಗ್ಗಕ್ಕೆ ಕಟ್ಟಿಸ್ಕೊಂಡು ನಿಂತಿದಾರೆ. ಇನ್ನು ಮಾತು ಬಿಟ್ಟಿರೋದು ಅಂದ್ರೆ ನಾವಿಬ್ಬರೇ...’

ಟೈಲರಮ್ಮನ ಕೈಯಲ್ಲಿದ್ದ ಬಟ್ಟೆ ಜಾರಿ ಬಿತ್ತು. ಇವನು ನಿಲ್ಲಿಸಿಯೇ ಇರಲಿಲ್ಲ! ಅಷ್ಟೂ ದಿನ ಆ ಧಡ್ ಧಡ್‌ನ ಅಡಿಯಲ್ಲಿ ಒಬ್ಬನೇ ಮಾತಾಡುತ್ತಾ ಕೂತಿದ್ದ, ಪ್ರತಿ ಮಾತಿನ ಕೊನೆಗೆ ಹೂಂಗಾಗಿ ಕಾದು, ಬಾರದಿದ್ದಾಗ ಇವಳಿಗಿನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡು, ಆದರೂ ಮುಂದುವರಿಸಿದ್ದ. ಅವಳ ಕಣ್ಣು ತುಂಬಿತು.

‘ಹೂಂ’ ಎಂದಳು.

ಬೆತ್ತದ ಕುರ್ಚಿ ಕಿರ್‍ ಎಂದಿತು. ಅವನು ತಿರುಗಿ ನೋಡಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹೋಟೆಲಿನವರ ಜನರೇಟರು ಭರ್ರೆಂದು ಎದ್ದಿತು, ಹಾಡು ನಿಂತಲ್ಲಿಂದಲೇ ಶುರುವಾಯಿತು, ಅವನ ತುಟಿಗಳು ಮಾತ್ರ ಅಲ್ಲಾಡಿದವು. ಏನು ಹೇಳಿದನೋ ಏನೋ. ಅಷ್ಟು ದಿನದ ಮೇಲೆ ಗಂಡ ಎದುರೆದುರಾಗಿ ಹೇಳಿದ ಮೊದಲ ಮಾತನ್ನು ಯಾರದೋ ಹಾಡು ನುಂಗಿಹಾಕಿತು.

ಟೈಲರಮ್ಮನಿಗೆ ಆಗ ಬಂದಂಥ ಸಿಟ್ಟು ಅವಳ ಜನ್ಮದಲ್ಲೇ ಬಂದಿರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ತಗಡಿನ ಕಹಳೆಯನ್ನು ಕಿತ್ತುಕೊಂಡಳು, ಇನ್ನೊಂದು ಕೈಯಲ್ಲಿ ಗಂಡನನ್ನು ಹಿಡಿದುಕೊಂಡಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ತೂಗುತ್ತಿರುವಂತೆ ಅವನನ್ನು ದರದರನೆ ಎಳೆದುಕೊಂಡು ಹೋಟೆಲಿಗೆ ನಡೆದಳು.

ಮ್ಯಾನೇಜರ್ ಅವಳನ್ನು ಗುರುತಿಸಿ ಹಳದಿ ಕುರ್ಚಿಗಳ ಕಡೆ ಕೈ ತೋರಿಸಿ ಹೆಬ್ಬೆರಳು ಎತ್ತಿದ. ಅವಳು ಕೂಗಿ ಹೇಳಬೇಕೆಂದು ಎದೆಯುಬ್ಬಿಸಿದಳು. ಬಂದದ್ದು ಕೆಮ್ಮು. ಕೂಗಿ ಅಭ್ಯಾಸವಿದ್ದರೆ ತಾನೇ! ಆಗ ಅವಳಿಗೆ ಏನು ತೋಚಿತೋ, ಕಹಳೆಯ ಸಣ್ಣ ತುದಿಯನ್ನು ಮ್ಯಾನೇಜರನ ಕಿವಿಗೆ ಒತ್ತಿದಳು, ಅಗಲದ ಬಾಯನ್ನು ಗಂಡನ ತುಟಿಗೆ ಹಿಡಿದಳು. ‘ಹೇಳ್ರೀ’ ಎಂದು ಕಣ್ಣಿನಲ್ಲೇ ಗದರಿಸಿದಳು.

ಕಹಳೆ ಹೇಳಿದ. ಮ್ಯಾನೇಜರನ ಹುಬ್ಬು ಗಂಟಿಕ್ಕಿತು. ಕಿವಿಯಲ್ಲಿ ಏನೋ ಹರಿದಾಡಿದ ಹಾಗೆ, ಏನೋ ಇದೆ ಆದರೆ ಏನೆಂದು ಸಿಗುವುದಿಲ್ಲ. ಅವನು ಇನ್ನೊಂದು ಕಿವಿ ಮುಚ್ಚಿಕೊಂಡ. ಆಗಲೂ ಆಗಲಿಲ್ಲ. ಹಿರಿಯರು ಏನೋ ಹೇಳುತ್ತಿದ್ದಾರೆ, ಕೇಳದಿದ್ದರೆ ಚೆನ್ನಾಗಿರುವುದಿಲ್ಲ ಎಂದುಕೊಂಡು ಸ್ಪೀಕರಿನವನಿಗೆ ಕೈಯೆತ್ತಿ ‘ನಿಲ್ಲಿಸು’ ಎಂದು ಸನ್ನೆ ಮಾಡಿದ.

ನಿಂತಿತು. ಮರಳಿನ ಮೇಲೆ ಕೂತಿದ್ದ ಅತಿಥಿಗಳು, ಯಾರಿಗಾದರೂ ಏನಾದರೂ ಆಯಿತೇ ಎಂದು ತಲೆಯೆತ್ತಿ ನೋಡಿದರು.

ಇಲ್ಲಿ ಕಹಳೆ ದೂರು ಹೇಳಬೇಕಿತ್ತು. ಆದರೆ ಎಷ್ಟೋ ವರ್ಷಗಳ ಮೇಲೆ ಅವನ ಮುಂದೆ ಇಷ್ಟು ಜನ ಕಿವಿಗೊಟ್ಟು ಕೂತಿದ್ದರು. ಆಸಾಮಿ ಬಂದ ಕೆಲಸ ಮರೆತ. ಕಡಲಿನ ಕಡೆ ಬೆರಳು ತೋರಿಸಿ, ‘ಆ ಬೂದು ಬಣ್ಣದೋಳು ಇದಾಳಲ್ಲ, ಅವಳು ಅತ್ತೆ’ ಎಂದು ಶುರುಮಾಡಿಬಿಟ್ಟ. ಟೈಲರಮ್ಮ ಹಣೆ ಚಚ್ಚಿಕೊಂಡಳು. ‘ರೀ, ದೂರು ಹೇಳ್ರೀ ಅಂದ್ರೆ...’ ಎಂದು ತೋಳು ಜಗ್ಗಿದಳು. ಹತ್ತಿರದಲ್ಲಿದ್ದ ಹೆಂಗಸೊಬ್ಬಳು ‘ಶ್!’ ಎಂದಳು. ಟೈಲರಮ್ಮನನ್ನು ಸುಮ್ಮನಿರು ಎಂದವರು ಅವಳ ಬದುಕಿನಲ್ಲೇ ಆ ಹೆಂಗಸೊಬ್ಬಳೇ. ಹಳದಿ ಗೌನಿನ ಕುರ್ಚಿಗಳು ಮರಳಿನಲ್ಲಿ ಒಂದೊಂದಾಗಿ ಹತ್ತಿರಕ್ಕೆ ಸರಿದವು. ಉಸಿರಿನ ಮಾತು ಕೇಳಲು ಉಸಿರು ಹಿಡಿಯಬೇಕು, ಎಲ್ಲರೂ ಹಿಡಿದರು. ಬಿಸಿಲು ಮಾಗಿತು. ಮನೆಯಳಿಯ ದಡಕ್ಕೆ ಬರುವವರೆಗೆ ಸ್ಪೀಕರು ಹಾಕಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಮಾರನೆಯ ದಿನ ಅತಿಥಿಗಳೇ ‘ಆ ಪಿಸುಮಾತಿನ ಅಜ್ಜ ಬರಲ್ವಾ?’ ಎಂದು ಕೇಳಿದರಂತೆ. ದಿನಾ ಮಧ್ಯಾಹ್ನ ಬನ್ನಿ ಎಂದು ಕಹಳೆಯನ್ನು ಕರೆಯಲು ಮ್ಯಾನೇಜರ್ ಮನೆ ಬಾಗಿಲಿಗೆ ಬಂದ. ಊಟವಾದ ಮೇಲಿನಿಂದ ಸಂಜೆಯವರೆಗೆ ಹಾಡು ನಿಂತಿತು, ನೀರಿನ ಸ್ಕೂಟರುಗಳೂ ದಡದಲ್ಲಿ ತೂಕಡಿಸತೊಡಗಿದವು. ಬೆಳಗಿನ ಹಾಡನ್ನೂ, ಪೂರ್ತಿ ನಿಲ್ಲಿಸದಿದ್ದರೂ, ತಗ್ಗಿಸಿದರು. ಟೀಚರಮ್ಮ ತಮ್ಮ ಕಟುವಾದ ಮಾತುಗಳು ತಡವಾಗಿಯಾದರೂ ನಾಟಿದವು ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ಯಾರೂ ತಿದ್ದಲು ಹೋಗಲಿಲ್ಲ.

ಊರಿಗೆ ಮೌನ ಮರಳಿತು. ಟೈಲರಮ್ಮ ಬಾಗಿಲ ಬೆಳಕಿನಲ್ಲಿ ಕೂತು ಹೊಲಿದಳು. ಅಲೆ ಕೇಳಿಸುತ್ತಿತ್ತು, ಕತ್ತರಿ ಕೇಳಿಸುತ್ತಿತ್ತು, ನೆಲದ ಮೇಲೆ ಬಟ್ಟೆಯ ಚೂರು ಸರಿದದ್ದೂ ಕೇಳಿಸುತ್ತಿತ್ತು. ಬೆನ್ನ ಹಿಂದೆ ಬೆತ್ತದ ಕುರ್ಚಿ ಖಾಲಿ. ಒಂದು ‘ಹೂಂ’ ಅವಳ ನಾಲಿಗೆಯ ತುದಿಗೆ ಬಂದು ಬಂದು ನಿಲ್ಲುತ್ತಿತ್ತು, ಯಾರಿಗೆ ಹೇಳುವುದು? ಸುಳ್ಳೇಕೆ, ಅವಳಿಗೆ ಹೊಟ್ಟೆ ಉರಿಯಿತು. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಜನ ನನ್ನ ಅತ್ತೆಯನ್ನೂ ಓರಗಿತ್ತಿಯರನ್ನೂ ಕೇಳುತ್ತಾ ಕೂತಿದ್ದಾರೆ, ನನ್ನದೇ ಹೊಲಿಗೆಯ ಮೇಲೆ.

ಸಂಜೆಗೆ ಮುಂಚೆ ಅವನು ಬಂದ. ಮುಖ ಅರಳಿತ್ತು, ಕಾಲಿಗೆ ಮರಳು ಮೆತ್ತಿತ್ತು. ಬೆತ್ತದ ಕುರ್ಚಿಯಲ್ಲಿ ಕೂತು, ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳಿಗೆ ಏನೋ ಹೇಳಲು ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ತೆರೆದ. ಉಸಿರೂ ಮಾತೂ ತೀರಿ ಬುಟ್ಟಿ ಬರಿದಾಗಿತ್ತು. ಅವನ ಅರಳಿದ ಮುಖ ಬಾಡಿ, ಕದ್ದು ಸಿಕ್ಕಿಬಿದ್ದವನ ಕಳೆ ಬಂತು. ಮನೆಯವಳಿಗೆ ಒಂದೂ ಉಳಿಸದೆ ಎಲ್ಲವನ್ನೂ ಹಂಚಿ ಬಂದಿದ್ದೇನೆ ಎಂದು ಅವನಿಗೆ ಆಗಷ್ಟೇ ಹೊಳೆದಂತಿತ್ತು.

‘ಇರ್ಲಿ ಬಿಡಿ’ ಎಂದಳು ಅವಳು. ಸೂಜಿಯ ದಾರ ಕತ್ತರಿಸಿದಳು. ಆಮೇಲೆ ಎದ್ದು, ಮಿಷಿನ್ನಿನ ಸ್ಟೂಲನ್ನು ಎತ್ತಿಕೊಂಡು ಕಿಟಕಿಯ ಬಳಿಗೆ ಬಂದು ಅವನ ಪಕ್ಕ ಕೂತಳು. ಅಷ್ಟು ವರ್ಷಗಳಲ್ಲಿ ಬೀದಿಗೆ ಬೆನ್ನು ಮಾಡಿ ಅವಳು ಕೂತದ್ದು ಅದೇ ಮೊದಲು. ಕಡಲು ಇಷ್ಟು ದೊಡ್ಡದೆಂದು ಅವಳಿಗೆ ಮರೆತೇ ಹೋಗಿತ್ತು.

‘ನೀಲಿ ದೋಣಿ ಬಂತು’ ಎಂದಳು.

ಅದು ನಿಜವೇ, ದೋಣಿ ಬರುತ್ತಿತ್ತು. ಮುಂದೆ ಏನು ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ. ಸುಳ್ಳು ಹೇಳಿ ಗೊತ್ತಿಲ್ಲದ ಬಾಯಿ. ಅವನು ಕಾಯುತ್ತಾ ಕೂತಿದ್ದ.

‘ಮನೆಯಳಿಯ ಯಾಕೋ ಸಪ್ಪಗಿದಾನೆ’ ಎಂದಳು, ತಡವರಿಸುತ್ತಾ. ‘ಅವನಿಗೆ... ಹೆಂಡ್ತಿ ಹತ್ರ ಏನೋ ಹೇಳೋದಿದೆಯಂತೆ. ಹೇಳೋಕಾಗ್ತಿಲ್ಲ.’

ಕಹಳೆ ಉಗುರಿನಿಂದ ತಗಡನ್ನು ಮೆಲ್ಲಗೆ ತಟ್ಟಿದ. ಟಣ್.

ಅವಳು ತಿರುಗಿ ಅವನ ಮುಖ ನೋಡಿದಳು. ‘ಹೂಂ ಅಂದ್ರಾ?’

ಟಣ್.

‘ಹಾಗಿದ್ರೆ ಕೇಳಿ’ ಎಂದು ಟೈಲರಮ್ಮ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ‘ಅವನ ಹೆಂಡ್ತಿಗೂ ಒಂದು ಮಾತು ಹೇಳೋದಿದೆ. ಒಂದ್ಸಲ ಅವನ ಗಂಟಲಿನ ವಿಷ್ಯ ಎತ್ತಿ ಆಡಬಾರದ್ದು ಆಡಿಬಿಟ್ಟಿದ್ಲಂತೆ. ಆ ದಿನದಿಂದ ಅವಳಿಗೆ ನಿದ್ದೆ ಇಲ್ವಂತೆ.’

ಈ ಸಲ ತಗಡು ಸದ್ದು ಮಾಡಲು ತುಸು ಹೊತ್ತು ಹಿಡಿಯಿತು. ಆದರೆ ಊರು ಆಗ ಎಷ್ಟು ಸುಮ್ಮನಿತ್ತೆಂದರೆ, ಅದು ಬಂದಾಗ ಬೀದಿಯ ಆ ತುದಿಯವರಿಗೂ ಕೇಳಿಸಿತು.