ನೋಡಿ ತುಂಬಿದ ಕಾಲಂ

ಗುರುವಾರ ಮಧ್ಯಾಹ್ನ ಗಡುವು ಮುಗಿದಾಗ ಉಮಾವತಿಯ ಮೇಜಿನ ಮೇಲೆ ಹನ್ನೊಂದು ಫಾರಂಗಳು ಉಳಿದಿದ್ದವು. ಹನ್ನೊಂದರಲ್ಲೂ ಒಂದೇ ಕಾಲಂ ಖಾಲಿ.

ಸಾಲ್ಮಿಯಾ, ಫರ್ವಾನಿಯಾ ಸೇರಿ ಆ ಕೊಲ್ಲಿ ದೇಶದ ನಾಲ್ಕು ಕಡೆ ಶಾಲೆ ನಡೆಸುತ್ತಿದ್ದ ಆ ಸಂಸ್ಥೆಯಲ್ಲಿ ನಾನೂರ ಹನ್ನೆರಡು ಮಂದಿ ಕೆಲಸಕ್ಕಿದ್ದರು. ಶಾಲೆಗಳಿಗೆ ಮಾನ್ಯತೆ ಕೊಡುವ ಹೊರದೇಶದ ಏಜೆನ್ಸಿ ಈ ವರ್ಷ ಅಷ್ಟೂ ಜನರ ಜನಾಂಗದ ವಿವರ ಕೇಳಿತ್ತು. ಅರಬ್, ಏಷ್ಯನ್, ಕಪ್ಪು, ಬಿಳಿ, ಮಿಶ್ರ. ಐದರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಹಾಕದವರದ್ದನ್ನು ಕಚೇರಿಯವರೇ ಮುಖ ನೋಡಿ ಹಾಕಬೇಕು, ಕೇಳುವ ಹಾಗಿಲ್ಲ. ನಿಯಮ ಪುಸ್ತಕದ ಏಳನೆಯ ಪುಟದಲ್ಲಿ ಹಾಗೆಯೇ ಅಚ್ಚಾಗಿತ್ತು.

ಉಮಾವತಿ ಉಡುಪಿ ಕಡೆಯವಳು, ಹದಿನಾರು ವರ್ಷದಿಂದ ಸಿಬ್ಬಂದಿ ವಿಭಾಗದ ಗುಮಾಸ್ತೆ. ಅವಳ ಕೈ ದಾಟಿ ಹೋದ ಒಂದು ಕಾಗದವೂ ತಪ್ಪಿದೆಯೆಂದು ವಾಪಸು ಬಂದಿರಲಿಲ್ಲ.

ಹನ್ನೊಂದರಲ್ಲಿ ಒಂದು ಪಿ.ಟಿ. ಮಾಸ್ತರ ರಾಯ್ಸ್ಟನ್‌ನದು. ಯಲ್ಲಾಪುರ ಕಡೆಯ ಸಿದ್ದಿ ಅವನು. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದು ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆನಿಂತವರ ಕುಲ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಫಾರಂ ಕೊಡುವಾಗ ಆ ಕಾಲಂ ಅವನು ಬೇಕೆಂದೇ ಬಿಟ್ಟಿದ್ದ.

"ಇದನ್ನ ತುಂಬದಿದ್ರೆ ಏನಾಗ್ತದೆ ಅಕ್ಕಾ?"

"ನಾನು ನಿನ್ನ ಮುಖ ನೋಡಿ ತುಂಬಬೇಕಾಗ್ತದೆ ಮಾರಾಯ."

"ಹಂಗಾದ್ರೆ ಹೊಸತೇನಲ್ಲ ಬಿಡಿ. ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಕಂಡಕ್ಟರ್ ನನ್ನ ಹತ್ರ ಪಾಸ್‌ಪೋರ್ಟ್ ಕೇಳಿದ್ದ. ನಾನು ಬಸ್ ಪಾಸ್ ತೋರಿಸ್ದೆ."

ಉಮಾವತಿ ಫೈಲಿನ ಫೋಟೊ ನೋಡಿದಳು. ಮುಖ ನೋಡಿ ಎಂದಿದ್ದರು. ನೋಡಿ 'ಕಪ್ಪು' ಎಂಬಲ್ಲಿ ಗುರುತು ಹಾಕಿದಳು. ಹನ್ನೊಂದೂ ಮುಗಿಯಲು ಇಪ್ಪತ್ತು ನಿಮಿಷ ಸಾಕಾಯಿತು.

ಭಾನುವಾರ ಬೆಳಿಗ್ಗೆ, ಇಕಾಮಾ, ಅಂದರೆ ವಾಸದ ಪರವಾನಗಿಯ ಕಾಗದಪತ್ರಗಳಿಗಾಗಿ ಸರಕಾರಿ ಕಚೇರಿಗಳಿಗೆ ಓಡಾಡುವ ಮುತ್ತಲಿಬ್ ಬಂದು ಅವಳ ಮೇಜಿನ ಮುಂದೆ ನಿಂತ.

"ಉಮಕ್ಕ, ರಾಯ್ಸ್ಟನ್‌ನ ಫೈಲ್ ಲಾಕ್ ಆಗಿದೆ ಮಾರಾಯ್ರೆ. ಇಕಾಮಾ ಇಪ್ಪತ್ತೆಂಟಕ್ಕೆ ಮುಗೀತದೆ, ಲಾಕ್ ತೆಗೆಯದೆ ರಿನೀವಲ್ ಆಗುದಿಲ್ಲ. ಎಂಥ ಮಾಡಿದ್ದು ನೀವು?"

ಶಾಲೆಯವರು ಹೊಸದಾಗಿ ಕೊಂಡ ಸಾಫ್ಟ್‌ವೇರ್ ಲಾಕ್ ಮಾಡಿತ್ತು. ಪಾಸ್‌ಪೋರ್ಟ್ ಭಾರತದ್ದು, ಜನಾಂಗ ಕಪ್ಪು. ಎರಡಕ್ಕೂ ತಾಳೆಯಿಲ್ಲ, ದಾಖಲೆ ಪರಿಶೀಲಿಸಿ ಎಂದು ಕೆಂಪಕ್ಷರದಲ್ಲಿ ಬರೆದುಕೊಂಡಿತ್ತು.

ವಿಭಾಗದ ಮುಖ್ಯಸ್ಥೆ ವೈಲೆಟ್ ಮಂಗಳೂರಿನವಳು. ಪರದೆ ನೋಡಿ ಕನ್ನಡಕ ತೆಗೆದಳು.

"ಇವ ನಮ್ಮ ಕಡೆಯವನಾ? ಅದೂ ಕೆಥೊಲಿಕ್? ಆರು ವರ್ಷದಿಂದ ನಾನಿವನನ್ನು ನೈಜೀರಿಯಾದವ ಅಂತ ಗ್ರಹಿಸಿದ್ದು!"

ದಾರಿ ಎರಡೇ ಇದ್ದವು. ಹೊರಗಿನ ಕಂಪನಿಯಿಂದ ದಾಖಲೆ ಪರಿಶೀಲನೆ, ಅದಕ್ಕೆ ಆರು ವಾರ. ಇಲ್ಲವೇ ಗುರುತು ಹಾಕಿದವರು 'ನಾನು ನೋಡಿದ್ದು ತಪ್ಪು' ಎಂಬ ಒಂದು ಪುಟದ ಹೇಳಿಕೆಗೆ ಸಹಿ ಹಾಕಬೇಕು. ಹಾಕಿದರೆ ಲಾಕ್ ಅಂದೇ ತೆರೆಯುತ್ತದೆ.

"ಸೈನ್ ಹಾಕಿದ್ರೆ ಅದು ನಿಮ್ಮ ಫೈಲಿಗೆ ಹೋಗ್ತದೆ. ಮುಂದಿನ ತಿಂಗಳು ನಿಮ್ಮ ಕಾಂಟ್ರ್ಯಾಕ್ಟ್ ರಿನೀವಲ್ ಉಂಟು," ವೈಲೆಟ್ ಮೆಲ್ಲಗೆ ಹೇಳಿದಳು. "ಶರಣ್ಯಾ ಈ ವರ್ಷ ಟ್ವೆಲ್ತ್ ಅಲ್ವಾ? ಮಗಳ ಓದು ಅರ್ಧಕ್ಕೆ ನಿಲ್ಲುವುದು ಬೇಡ. ಯೋಚನೆ ಮಾಡಿ."

ಮರುದಿನ ರಾಯ್ಸ್ಟನ್ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ತಂದ. ತಹಶೀಲ್ದಾರರ ಜಾತಿ ಪ್ರಮಾಣಪತ್ರ. ಇವರು ಸಿದ್ದಿ ಪಂಗಡಕ್ಕೆ ಸೇರಿದವರು ಎಂದು ಮೊಹರಿನ ಮೇಲೆ ಸಹಿ. ಅವನು ಯಾರೆಂದು ಹೇಳುವ ಸರಕಾರಿ ಕಾಗದ ಜಗತ್ತಿನಲ್ಲಿ ಅದೊಂದೇ, ಅದೂ ಕನ್ನಡದಲ್ಲಿ. ಪರಿಶೀಲನೆಯ ಕಂಪನಿಗೆ ಕಳಿಸಲೆಂದು ಉಮಾವತಿಯೇ ಕೂತು ಇಂಗ್ಲಿಷಿಗೆ ತಂದಳು. ವೈಲೆಟ್ 'ಸಿದ್ದಿ' ಎಂದರೇನೆಂದು ಫೋನಿನಲ್ಲಿ ಹುಡುಕಿದಳು.

"ನೀವು ಹಾಕಿದ್ದು ಸರಿಯೇ ಉಂಟಲ್ಲ ಉಮಾವತಿ! ಸರಿ ಇದ್ದದ್ದನ್ನು ತಪ್ಪು ಅಂತ ಯಾಕೆ ಬರ್ಕೊಡ್ತೀರಿ?"

ಉಮಾವತಿಯ ಎದೆ ಹಗುರಾಯಿತು. ಹಗುರಾದದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ಹೇಳಿಕೆಯ ಹಾಳೆಯನ್ನು ಡ್ರಾಯರಿಗೆ ಹಾಕಿದಳು.

ರಾಯ್ಸ್ಟನ್ ಅವಳನ್ನು ಕಾರಿಡಾರಿನಲ್ಲಿ ಹಿಡಿದ. "ಒಂದು ಸೈನ್ ಸಾಕಂತಲ್ಲ ಅಕ್ಕಾ. ಮುತ್ತಲಿಬ್ ಭಾಯಿ ಹೇಳಿದ್ರು."

"ಅದು ಸುಳ್ಳಾಗ್ತದೆ. ಗುರುತು ಸರಿ ಉಂಟು."

"ಗುರುತು ಸರಿ. ನನ್ನ ಪಾಸ್‌ಪೋರ್ಟೂ ಸರಿ. ಮತ್ತೆ ಕೆಲಸ ಯಾಕೆ ಹೋಗ್ತದೆ?"

"ವೆರಿಫಿಕೇಶನ್ ಬರ್ತದೆ ಮಾರಾಯ. ಸ್ವಲ್ಪ ತಡ್ಕೊ."

"ನಾನು ತಡ್ಕೊಳ್ತೇನೆ. ಇಪ್ಪತ್ತೆಂಟು ತಡ್ಕೊಳ್ತದಾ?"

ಇಪ್ಪತ್ತೆಂಟು ಶುಕ್ರವಾರ, ರಜೆ. ಉಳಿದದ್ದು ಗುರುವಾರ. ಅಂದು ಹನ್ನೊಂದು ಗಂಟೆಗೆ ಮುತ್ತಲಿಬ್ ಕಾರಿನ ಕೀ ಕೈಯಲ್ಲಿ ಹಿಡಿದೇ ಬಂದ.

"ಯಲ್ಲಾ ಉಮಕ್ಕ, ಬೇಗ. ಒಂದು ಗಂಟೆಗೆ ಕೌಂಟರ್ ಬಂದ್. ಸೈನ್ ಹಾಕುವುದಾದ್ರೆ ಈಗ."

ಅವಳು ಹಾಳೆ ಹೊರಗೆ ತೆಗೆದಳು. ಪೆನ್ನಿನ ಮುಚ್ಚಳವನ್ನೂ ತೆಗೆದಳು. 'ನಾನು ನೋಡಿದ್ದು ತಪ್ಪು' ಎಂಬ ಸಾಲನ್ನು ಎರಡು ಸಲ ಓದಿ ಮುಚ್ಚಳ ಹಾಕಿದಳು.

"ಇಲ್ಲದ ತಪ್ಪನ್ನು ನಾನು ಹೇಗೆ ಒಪ್ಪಿಕೊಳ್ಳುವುದು ಮುತ್ತಲಿಬ್?"

ಅವನು ಕಾರಿನ ಕೀ ಕಿಸೆಗೆ ಹಾಕಿಕೊಂಡ. "ಹಾಗಾದ್ರೆ ಖಲಾಸ್," ಎಂದು ಹೊರಟ.

ಇಕಾಮಾ ಮುಗಿದವನನ್ನು ಶಾಲೆ ಇಟ್ಟುಕೊಳ್ಳಲಿಲ್ಲ. ವೀಸಾ ಕ್ಯಾನ್ಸಲ್ ಮಾಡಿ ಟಿಕೆಟ್ ಕೊಟ್ಟರು. ಹೋಗುವ ಮುನ್ನ ರಾಯ್ಸ್ಟನ್ ಅವಳಲ್ಲಿಗೆ ಬಂದದ್ದು ಪ್ರಮಾಣಪತ್ರ ವಾಪಸು ಪಡೆಯಲಿಕ್ಕೆ ಮಾತ್ರ. ಪ್ಲಾಸ್ಟಿಕ್ಕನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ. ಅಕ್ಕಾ ಎನ್ನಲಿಲ್ಲ.

ಜನವರಿಯ ಮೊದಲ ವಾರ ಪರಿಶೀಲನೆಯ ಉತ್ತರ ಬಂತು. ಎಲ್ಲ ದಾಖಲೆಗಳೂ ಅಸಲಿ. ಅದೇ ದಿನ ಏಜೆನ್ಸಿಗೆ ಕೊನೆಯ ಪಟ್ಟಿ ಹೋಗಬೇಕಿತ್ತು. ರಾಯ್ಸ್ಟನ್‌ನ ಸಾಲನ್ನು ಉಮಾವತಿ ಅಳಿಸಿದೊಡನೆ 'ಕಪ್ಪು' ಎಂಬ ಕಾಲಮಿನಲ್ಲಿ ಸೊನ್ನೆ ಬಂತು.

"ಅಳಿಸ್ಬೇಡಿ," ವೈಲೆಟ್ ಅವಳ ಹಿಂದೆ ಬಂದು ಬಗ್ಗಿದಳು. "ಎಣಿಕೆ ದಿನ ಅಕ್ಟೋಬರ್ ಮೂವತ್ತೊಂದು. ಅವತ್ತು ಅವ ಇದ್ದ. ಐದೂ ಕಾಲಂ ತುಂಬಿದ್ರೆ ರಿಪೋರ್ಟಿಗೂ ಚಂದ."

ಉಮಾವತಿ ನಿಯಮ ಪುಸ್ತಕ ತೆರೆದು ನೋಡಿದಳು. ಒಂಬತ್ತನೆಯ ಪುಟದಲ್ಲಿ ದಿನಾಂಕ ಸ್ಪಷ್ಟವಾಗಿತ್ತು. ವೈಲೆಟ್ ಹೇಳಿದ್ದು ಸರಿ.

ಸೊನ್ನೆ ತೆಗೆದು ಒಂದು ಎಂದು ಹೊಡೆದಳು. ಒಟ್ಟು ನಾನೂರ ಹನ್ನೆರಡು ತಾಳೆಯಾಯಿತು. ಆ ಕಾಗದವೂ ವಾಪಸು ಬರಲಿಲ್ಲ.