ಮೂರನೇ ಹಾಸಿಗೆಯ ಪಕ್ಕದ ಕುರ್ಚಿ

ಅಕ್ಕನ ಮಗಳ ಗಂಟಲಿನಿಂದ ನಳಿಕೆ ತೆಗೆಯಲು ಆ ಆಸ್ಪತ್ರೆಯಲ್ಲಿ ಎಲ್ಲವೂ ಇತ್ತು. ಯಂತ್ರವಿತ್ತು, ಔಷಧವಿತ್ತು, ಹೆಸರಿನ ಹಿಂದೆ ರೈಲುಬೋಗಿಗಳಂತೆ ಡಿಗ್ರಿ ಎಳೆದುಕೊಂಡು ಓಡಾಡುವ ಡಾಕ್ಟರಮ್ಮ ಇದ್ದರು. ಇಲ್ಲದಿದ್ದುದು ಒಬ್ಬಳು ನರ್ಸ್.

ಹುಡುಗಿ ಇನ್ನೂ ಶಾಲೆಗೆ ಸೇರಿಲ್ಲ. ಮನೆಯಲ್ಲಿ ಮೆಣಸು ಎನ್ನುತ್ತೇವೆ. ಶ್ವಾಸಕೋಶಕ್ಕೆ ಸೋಂಕು ತಗುಲಿ, ಉಸಿರು ಕೈಕೊಟ್ಟು, ಮಕ್ಕಳ ಐಸಿಯುವಿನ ಮೂರನೇ ಹಾಸಿಗೆಗೆ ಬಂದು ಬಿದ್ದಿದ್ದಳು. ಬಾಯೊಳಗೆ ನಳಿಕೆ ತೂರಿಸಿ ಯಂತ್ರಕ್ಕೆ ಕಟ್ಟಿದ್ದರು. ಸೋಂಕು ಇಳಿದಿತ್ತು. ಇನ್ನು ತಾನೇ ಉಸಿರಾಡುತ್ತಾಳೆ ಎಂದು ಡಾಕ್ಟರಮ್ಮನೇ ಹೇಳಿದ್ದರು. ಆದರೆ ನಳಿಕೆ ತೆಗೆದ ಮೇಲೆ ಕೆಲವು ಗಂಟೆ ಒಬ್ಬ ನರ್ಸ್ ಪಕ್ಕ ಬಿಟ್ಟು ಕದಲಬಾರದಂತೆ. ಗಂಟಲು ಊದಿಕೊಂಡರೆ ಕೂಡಲೇ ಗೊತ್ತಾಗಬೇಕು, ಇಲ್ಲದಿದ್ದರೆ ಮಗು ಕೈತಪ್ಪುತ್ತದೆ.

ಹಾಗಾಗಿ ದಿನಾ ಬೆಳಿಗ್ಗೆ ಒಂದೇ ನಾಟಕ. ಹೊಟ್ಟೆಗೆ ಬಿಡುವ ಹಾಲು ನಿಲ್ಲಿಸುವರು, ಮತ್ತಿನ ಔಷಧ ತಗ್ಗಿಸುವರು. ಮೆಣಸು ಕಣ್ಣು ಬಿಡುವಳು. ನಳಿಕೆ ಕಿತ್ತುಕೊಳ್ಳದಿರಲಿ ಎಂದು ಕೈಗಳಿಗೆ ಮೆತ್ತನೆಯ ಪಟ್ಟಿ ಬಿಗಿದಿದ್ದರು. ಅಳುವಳು, ಸದ್ದಿರುವುದಿಲ್ಲ; ನಳಿಕೆ ಇದ್ದರೆ ಅಳುವಿಗೆ ದನಿಯೇ ಇರುವುದಿಲ್ಲ. ಅಷ್ಟರಲ್ಲಿ ಸ್ಟ್ರೆಚರಿನ ಮೇಲೆ ಇನ್ಯಾರದೋ ಮಗು ಬರುವುದು, ಇದ್ದಬದ್ದ ನರ್ಸುಗಳು ಅತ್ತ ಓಡುವರು, ಡಾಕ್ಟರಮ್ಮ ನಮ್ಮ ಮುಖ ನೋಡದೆ "ನಾಳೆ ತೆಗೆಯೋಣ" ಎನ್ನುವರು. ಮತ್ತೆ ಮತ್ತಿನ ಔಷಧ ಏರಿಸುವರು. ನಾಳೆ ಎಂಬುದು ಆ ವಾರ್ಡಿನಲ್ಲಿ ಒಂದು ಔಷಧದ ಹೆಸರು. ಹೊತ್ತಿಗೆ ಸರಿಯಾಗಿ ಸಿಗುತ್ತಿದ್ದದ್ದು ಅದೊಂದೇ.

ಇಷ್ಟಿದ್ದೂ ನನಗೆ ತಲೆ ಕೆಟ್ಟದ್ದು ಕುರ್ಚಿ ನೋಡಿ. ಪ್ರತಿ ಹಾಸಿಗೆಯ ಪಕ್ಕ ಒಂದು ಎತ್ತರದ ಕುರ್ಚಿ, ಅದರ ಮೇಲೆ ಒಬ್ಬ ಹೆಂಗಸು, ತೊಡೆಯ ಮೇಲೆ ಟ್ಯಾಬ್. ಮಕ್ಕಳ ನಳಿಕೆ ತೆಗೆಯುವುದು ಯಾಕೆ ತಡವಾಗುತ್ತದೆ ಎಂಬ ಬಗ್ಗೆ ಸಂಶೋಧನೆ ನಡೆಯುತ್ತಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಕೂತು, ತಡವಾದಾಗಲೆಲ್ಲ ಟ್ಯಾಬಿನಲ್ಲಿ ಕಾರಣ ಒತ್ತುವುದು ಇವರ ಕೆಲಸ.

"ನರ್ಸ್ ಇಲ್ಲ ಅಂತ ಕಂಡುಹಿಡಿಯೋಕೆ ಸಂಶೋಧನೆ ಬೇಕಾ? ಕಣ್ಣಿದ್ರೆ ಸಾಲಲ್ವಾ?" ಎಂದು ಅಕ್ಕನನ್ನು ಕೇಳಿದೆ.

"ಮೆತ್ತಗೆ ಮಾತಾಡೋ, ಕೇಳಿಸ್ಕೊತಾರೆ."

"ಕೇಳಿಸ್ಕೊಳ್ಳಲಿ. ಅದನ್ನೂ ಒತ್ಕೊಳ್ಳಲಿ."

ನಮ್ಮ ಹಾಸಿಗೆಯವಳಿಗೆ ನಾನು ಕುರ್ಚಿಯಮ್ಮ ಎಂದು ಹೆಸರಿಟ್ಟಿದ್ದೆ. ದಿನಾ ಬಂದ ತಕ್ಷಣ ಬಸ್ ಕಂಡಕ್ಟರನ ದನಿಯಲ್ಲಿ ಅಕ್ಕನಿಗೆ ಒಂದು ಪಾಠ ಒಪ್ಪಿಸುವಳು: "ಈ ಅಧ್ಯಯನದಲ್ಲಿ ಇರೋದು ನಿಮ್ಮಿಷ್ಟ, ಯಾವಾಗ ಬೇಕಾದ್ರೂ ಹೊರಗೆ ಬರಬಹುದು, ಕಾರಣ ಹೇಳ್ಬೇಕಾಗಿಲ್ಲ, ಚಿಕಿತ್ಸೆಗೆ ತೊಂದರೆ ಇಲ್ಲ." ಅಕ್ಕ ತಲೆಯಾಡಿಸುವಳು. ಅಕ್ಕ ಆ ವಾರ್ಡಿನಲ್ಲಿ ಗೋಡೆಗೂ ತಲೆಯಾಡಿಸುತ್ತಿದ್ದಳು.

ಅವತ್ತು ಬೆಳಿಗ್ಗೆ ಮೆಣಸಿನ ನಳಿಕೆಯಲ್ಲಿ ಕಫ ಗೊರಗೊರ ಎಂದಿತು. ಯಂತ್ರ ಕಿರುಚಿತು. ನರ್ಸ್ ವಾರ್ಡಿನ ಆ ತುದಿಯಲ್ಲಿದ್ದಳು. ಕುರ್ಚಿಯಮ್ಮನ ಬಲಗೈ ತಾನಾಗಿ ಎದ್ದು ಕಫ ಎಳೆಯುವ ಪೈಪಿನತ್ತ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಅದನ್ನು ಹಿಂದೆ ಎಳೆದು ತೊಡೆಯ ಅಡಿಗೆ ತೂರಿಸಿ ಅದರ ಮೇಲೆಯೇ ಕೂತಳು, ತುಂಟ ನಾಯಿಮರಿಯನ್ನು ಅದುಮಿ ಹಿಡಿದ ಹಾಗೆ. ನರ್ಸ್ ಏದುಸಿರು ಬಿಡುತ್ತ ಬಂದು ಕಫ ತೆಗೆದಳು. ಆ ಕೈಗೆ ಕೆಲಸ ಗೊತ್ತಿತ್ತು ಎಂಬುದನ್ನು ನಾನು ನೋಡಿಬಿಟ್ಟೆ.

ಕಾಫಿ ಮೆಷಿನ್ ಹತ್ತಿರ ಅವಳನ್ನು ಹಿಡಿದೆ.

"ಅಲ್ಲ ಮೇಡಂ, ಕೈ ಇಲ್ವಾ ನಿಮಗೆ?"

"ಇವೆ. ಬಾಡಿಗೆಗೆ ಕೊಟ್ಟಿದೀನಿ."

"ನರ್ಸಾ ನೀವು?"

"ಇದೇ ವಾರ್ಡಲ್ಲಿ. ಕುರ್ಚಿ ಮೇಲೆ ಕೂತಿರೋರೆಲ್ಲ ಇಲ್ಲಿಯವರೇ ಕಣಪ್ಪ. ಮಕ್ಕಳ ನಳಿಕೆ ಗೊತ್ತಿರೋರೇ ಬೇಕು ಅಂತ ನಮ್ಮನ್ನೇ ಆರಿಸಿ ತಗೊಂಡ್ರು."

ಇದು ತಲೆಗಿಳಿಯಲು ನನಗೆ ಎರಡು ಗುಟುಕು ಕಾಫಿ ಬೇಕಾಯಿತು. ನರ್ಸುಗಳು ಯಾಕಿಲ್ಲ ಎಂದು ತಿಳಿಯಲು ಇದ್ದ ನರ್ಸುಗಳನ್ನೇ ಎಬ್ಬಿಸಿ ಕುರ್ಚಿಗೆ ಕೂರಿಸಿದ್ದರು. ಬಾವಿ ಯಾಕೆ ಬತ್ತುತ್ತಿದೆ ಎಂದು ನೋಡಲು ಉಳಿದ ನೀರನ್ನೆಲ್ಲ ಸೇದಿ ಚೆಲ್ಲುವ ಬುದ್ಧಿವಂತರು.

"ನೀವ್ಯಾಕೆ ಆ ಕುರ್ಚಿಗೆ ಹೋದ್ರಿ?"

"ಕೂತ್ಕೊಳ್ಳೋಕೆ. ಹಲ್ಲು ಕಿಸೀಬೇಡ. ವಾರ್ಡಲ್ಲಿ ಒಂದು ಮಗು ತೀರ್ಕೊಂಡ ದಿನ ಅದರ ಮುಖ ಒರೆಸಿ, ಒಂದು ಗಳಿಗೆ ಕೂತು ಅಳೋಣ ಅಂದ್ರೆ ಆ ಹಾಸಿಗೆಗೆ ಆಗ್ಲೇ ಇನ್ನೊಂದು ಬಂದಿರೋದು. ಆ ಹೊಸ ಮಗುವಿನ ಅಮ್ಮನ ಮುಂದೆ ಕಣ್ಣು ಒರೆಸ್ಕೊಂಡು ನಗಬೇಕು. ಈಗ ಸಂಜೆ ಹೊರಟುಬಿಡ್ತೀನಿ. ಮಗನ ಜೊತೆ ಊಟ ಮಾಡ್ತೀನಿ."

"ಒಂದ್ಸಲ ಮುಟ್ಟಿದ್ರೆ ಏನು ಗಂಟು ಹೋಗುತ್ತೆ?"

"ಪ್ರಾಣಕ್ಕೆ ಬಂದ್ರೆ ಮುಟ್ಟಬಹುದು. ಸುಮ್ಮನೆ ಮುಟ್ಟಿದ್ರೆ ಅಧ್ಯಯನ ಕೆಡುತ್ತೆ. ನೋಡೋಳೇ ಕೈ ಹಾಕಿದ್ರೆ ನೋಡಿದ್ದೆಲ್ಲ ಸುಳ್ಳಾಗುತ್ತಂತೆ."

"ನಮ್ಮ ಹುಡುಗಿ ಅದರಿಂದ ಹೊರಗೆ ಬಂದ್ರೆ?"

ತುಟಿಗಿಟ್ಟ ಕಪ್ಪು ಅಲ್ಲೇ ನಿಂತಿತು. "ದಿನಾ ನಾನೇ ಒದರ್ತೀನಿ," ಎಂದಳು, ನನಗಲ್ಲ, ಕಪ್ಪಿಗೆ. "ಆಗ ಆ ಹಾಸಿಗೆ ಹತ್ರ ನಂಗೆ ಕೆಲಸ ಇಲ್ಲ."

"ಕೈ ಖಾಲಿ."

"ಖಾಲಿ. ಆದ್ರೆ ನಿಮ್ಮಕ್ಕ ಹೇಳ್ಬೇಕು. ನೀನು ಹಾರಾಡಿದ್ರೆ ಆಗಲ್ಲ."

ಅಕ್ಕ ಹೆದರಿದಳು. "ಅವರಿಗೆ ಸಿಟ್ಟು ಬಂದ್ರೆ ಏನೋ ಮಾಡೋದು? ಮಗೂನ ಸರಿಯಾಗಿ ನೋಡದೆ ಹೋದ್ರೆ?"

"ನೋಡ್ತಾನೇ ಇದಾರಲ್ಲ ಅಕ್ಕ. ಬೆಳಿಗ್ಗೆಯಿಂದ ಸಂಜೆವರೆಗೆ ಬರೀ ನೋಡ್ತಾನೇ ಇದಾರೆ."

ಮೆಣಸು ಎಚ್ಚರವಾಗಿ, ಪಟ್ಟಿ ಕಟ್ಟಿದ ಕೈಯ ಬೆರಳುಗಳನ್ನಷ್ಟೇ ಎತ್ತಿ ಅಮ್ಮನ ಸೆರಗಿಗಾಗಿ ತಡಕುತ್ತಿದ್ದಳು. ಅಕ್ಕ ಆ ಬೆರಳುಗಳನ್ನು ನೋಡಿದಳು. ಸೀದಾ ಎದ್ದು ಕುರ್ಚಿಯಮ್ಮನ ಮುಂದೆ ನಿಂತಳು. "ನಾವು ಹೊರಗೆ ಬರ್ತೀವಿ. ಕಾರಣ ಕೇಳ್ಬೇಡಿ."

ಕುರ್ಚಿಯಮ್ಮ ಟ್ಯಾಬಿನಲ್ಲಿ ಏನೋ ಒತ್ತಿ ಅದನ್ನು ಕುರ್ಚಿಯ ಮೇಲೆ ಬೋರಲು ಹಾಕಿದಳು. ನಳಿಕೆ ತೆಗೆಯಿರಿ, ಪಕ್ಕದಲ್ಲಿ ನಾನಿರುತ್ತೇನೆ ಎಂದು ಡಾಕ್ಟರಮ್ಮನಿಗೆ ಹೇಳಿದಳು. ಅವರು ಇನ್‌ಚಾರ್ಜ್ ಸಿಸ್ಟರ್ ಕಡೆ ನೋಡಿದರು. ಮೊಣಕಾಲು ನೋವಿಗೆ ಪಟ್ಟಿ ಕಟ್ಟಿಕೊಂಡೇ ವಾರ್ಡನ್ನೆಲ್ಲ ಆಳುತ್ತಿದ್ದ ಹೆಂಗಸು ಅವರು.

"ನಿನ್ನ ನರ್ಸಿಂಗ್ ನೋಂದಣಿ ಚಾಲ್ತಿಯಲ್ಲಿದೆಯೇನೇ?" ಎಂದರು ಇನ್‌ಚಾರ್ಜ್.

"ಇದೆ ಸಿಸ್ಟರ್."

"ಇವತ್ತಿಗೆ ನನ್ನ ಜವಾಬ್ದಾರಿ ಮೇಲೆ ತಗೊತೀನಿ ಡಾಕ್ಟ್ರೇ. ಆ ಏಪ್ರನ್ ಹಾಕ್ಕೊಳ್ಳೇ, ಮುಖ ನೋಡ್ತಾ ನಿಂತ್ಕೊಬೇಡ."

ಅಷ್ಟರಲ್ಲಿ ನಾನು ಗ್ರಾಫ್ ಸಾಹೇಬರೆಂದು ಕರೆಯುತ್ತಿದ್ದವರು ಬಂದರು. ಸಂಶೋಧನೆಯ ಯಜಮಾನರು. ಇಸ್ತ್ರಿ ಮುರಿಯದ ಅಂಗಿ, ಮಗುವಿನ ಹತ್ತಿರ ಹೋದವರ ಅಂಗಿ ಹಾಗಿರುವುದಿಲ್ಲ.

"ಇದು ಹೇಗ್ರೀ ಆಗುತ್ತೆ?" ಎಂದರು ನನಗೆ. "ಈ ಅಂಕಿ ತೋರಿಸಿದ್ರೇನೇ ಮೇಲಿನವರು ಹೊಸ ಹುದ್ದೆ ಕೊಡೋದು. ಮುಂದೆ ಬರೋ ಸಾವಿರಾರು ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ನಾವು ಒದ್ದಾಡ್ತಿದ್ರೆ..."

"ಅವು ಮುಂದೆ ಬರ್ಲಿ ಸಾರ್. ಇದು ಬಂದಾಗಿದೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯಿತು. ಸುಳ್ಳನಾಗಿದ್ದರೆ ಒಂದು ಬಾರಿಸಿ ಹಗುರವಾಗಬಹುದಿತ್ತು.

ನಳಿಕೆ ತೆಗೆದರು. ಕೆನ್ನೆಯ ಅಂಟುಪಟ್ಟಿ ಬಿಡಿಸಿ, ಕೆಮ್ಮು ಎಂದು ಹೇಳಿ, ಒಂದೇ ಎಳೆತಕ್ಕೆ ಹೊರಗೆ. ಲೋಳೆ ಸುತ್ತಿದ ಆ ಕೊಳವೆ ನನ್ನ ಕಿರುಬೆರಳಿಗಿಂತ ತೆಳುವಾಗಿತ್ತು. ಮೆಣಸು ಕೆಮ್ಮಿದಳು, ಅತ್ತಳು. ಆಮೇಲೆ ಒಳಗೆಳೆದ ಪ್ರತಿ ಉಸಿರಿಗೂ ಗರಗಸ ಎಳೆದಂಥ ಸದ್ದು ಶುರುವಾಯಿತು. ಕತ್ತಿನ ಕೆಳಗಿನ ಗುಳಿ ಒಳಕ್ಕೆ ಹೋಗಿ ಹೋಗಿ ಬಂತು.

ಡಾಕ್ಟರಮ್ಮನ ಕೈ ಹೊಸ ನಳಿಕೆಯ ಟ್ರೇ ಮೇಲೆ ಹೋಗಿ ಕೂತಿತು. ಮತ್ತೆ ಹಾಕಿದರೆ ಮತ್ತೆ ಮೊದಲಿನಿಂದ.

"ಅಳಿಸಬಾರದು, ಅತ್ತಷ್ಟೂ ಊದುತ್ತೆ," ಎಂದು ಕುರ್ಚಿಯಮ್ಮ ಪಟ್ಟಿಗಳನ್ನು ಬಿಚ್ಚಿದಳು. "ಅಮ್ಮ, ನೀವು ಹಾಸಿಗೆ ಮೇಲೆ ಹತ್ತಿ. ನಾಚಿಕೆ ಆಮೇಲೆ. ತೊಡೆ ಮೇಲೆ ನೆಟ್ಟಗೆ ಕೂರಿಸ್ಕೊಳ್ಳಿ." ಔಷಧದ ಹಬೆ ಬರುವ ಮುಖವಾಡವನ್ನು ಮೂಗಿಗೆ ಒತ್ತದೆ, ಸ್ವಲ್ಪ ದೂರ ಹಿಡಿದಳು. "ಏನೇ ಮುದ್ದು, ಹೊಗೆ ಬಿಡೋ ಕಾರು ನೋಡಿದೀಯಾ? ಇದು ಕೆಟ್ಟೋಗಿರೋ ಕಾರು. ನಿಮ್ಮ ಮಾಮ ರಿಪೇರಿ ಮಾಡಿದ್ದು."

ನಾನು ಗ್ಯಾರೇಜಿನವನೆಂದು ಅಕ್ಕ ಯಾವಾಗ ಹೇಳಿದ್ದಳೋ.

ಕುರ್ಚಿಯಮ್ಮ ಆ ಗುಳಿಯಿಂದ ಕಣ್ಣು ಕೀಳಲಿಲ್ಲ. ಅತ್ತ ನಾಲ್ಕನೇ ಹಾಸಿಗೆಯ ಅಪ್ಪ, ಐದನೆಯ ಅಜ್ಜಿ, ಎಲ್ಲರೂ ತಂತಮ್ಮ ಕುರ್ಚಿಗಳ ಮುಂದೆ ನಿಂತು "ನಾವೂ ಹೊರಗೆ ಬರ್ತೀವಿ" ಎನ್ನತೊಡಗಿದ್ದರು. ಗ್ರಾಫ್ ಸಾಹೇಬರು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಓಡಾಡಿ ಮೊದಲ ಸಲ ಬೆವರಿದರು. ನೋಡಿ ನಗಬೇಕಿತ್ತು. ಗರಗಸದ ಸದ್ದು ನಗಲು ಬಿಡಲಿಲ್ಲ.

ಎಷ್ಟು ಹೊತ್ತಾಯಿತೋ. ಸದ್ದು ಮೊದಲು ತಗ್ಗಿತು, ಆಮೇಲೆ ಗೊರಕೆಯಂತಾಯಿತು, ಆಮೇಲೆ ಇರಲಿಲ್ಲ. ಡಾಕ್ಟರಮ್ಮ ಟ್ರೇಯನ್ನು ದೂರ ತಳ್ಳಿದರು. ಮೆಣಸು ಅಮ್ಮನ ಎದೆಗೆ ಒರಗಿ ನಿದ್ದೆ ಹೋದಳು. ಅಕ್ಕನೂ ಹಾಗೇ ಕೂತಲ್ಲೇ ಕಣ್ಣು ಮುಚ್ಚಿದಳು. ಕುರ್ಚಿಯಮ್ಮ ಮಾತ್ರ ಹೇಳಿದಷ್ಟು ಗಂಟೆಯೂ ನಿಂತೇ ಇದ್ದಳು. ಹೊರಡುವ ಮುಂಚೆ ಮುಖವಾಡವನ್ನು ನನ್ನ ಕೈಗಿತ್ತು, ಎಷ್ಟು ದೂರ ಹಿಡಿಯಬೇಕೆಂದು ತೋರಿಸಿ, ಕೈ ತೊಳೆಯಲು ಹೋದಳು.

ಇನ್‌ಚಾರ್ಜ್ ನಲ್ಲಿಯ ಹತ್ತಿರ ಬಂದರು. "ನಾಳೆಯಿಂದ ಡ್ಯೂಟಿಗೇ ಬಾರೇ. ಸಾಹೇಬರನ್ನ ನಾನು ನೋಡ್ಕೋತೀನಿ."

"ಇಲ್ಲ ಸಿಸ್ಟರ್."

"ಇಷ್ಟು ಮಾಡಿದೀಯಲ್ಲೇ."

"ಅದಕ್ಕೇ. ಇಷ್ಟು ಮಾಡಿದ ಮೇಲೆ ಮನೆಗೆ ಹೋಗಿ ನಂಗೆ ಮಗನ ಜೊತೆ ಒಂದು ಮಾತೂ ಆಡೋಕಾಗಲ್ಲ. ಗೊತ್ತು ನಿಮಗೆ. ಬಟ್ಟೆ ಅಂಗಡೀಲಿ ಬೇಕಾದ್ರೆ ನಿಲ್ತೀನಿ, ಇಲ್ಲಿಗೆ ಬರಲ್ಲ."

ಇನ್‌ಚಾರ್ಜ್ ಒತ್ತಾಯ ಮಾಡಲಿಲ್ಲ. ಟವೆಲ್ ಕೊಟ್ಟರು.

ನನಗೆ ಅವಳ ಮೇಲೂ ಸಿಟ್ಟು ಬಂತು. ನೀರು ಆರಿದ ಮೇಲೂ ಅವಳು ಮೊಣಕೈವರೆಗೆ ಕೈಗಳನ್ನು ಒರೆಸಿಕೊಳ್ಳುತ್ತಲೇ ಇದ್ದಳು. ಅದನ್ನು ನೋಡಿದ ಮೇಲೆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಬಾಗಿಲ ಕಡೆ ಹೊರಟವಳು ನಾಲ್ಕನೇ ಹಾಸಿಗೆಯ ಹತ್ತಿರ ನಿಂತಳು. ಅಲ್ಲಿನ ಹುಡುಗನ ನಳಿಕೆಯ ಅಂಟುಪಟ್ಟಿ ಒಂದು ಕಡೆ ಎದ್ದಿತ್ತು. ಬಗ್ಗಿ, ಹೆಬ್ಬೆರಳಿನಿಂದ ಅದನ್ನು ಒತ್ತಿ ಕೂರಿಸಿ, ಯಾರ ಮುಖವನ್ನೂ ನೋಡದೆ ನಡೆದಳು. ಏನಾದರೂ ಹೇಳೋಣವೆಂದು ನಾನು ಎದ್ದೆ. ಮೆಣಸು ನಿದ್ದೆಯಲ್ಲೇ ಮುಖವಾಡ ತಳ್ಳಿದಳು. ಕೂತು, ತೋರಿಸಿಕೊಟ್ಟಷ್ಟೇ ದೂರಕ್ಕೆ ಮತ್ತೆ ಹಿಡಿದೆ.