ಸಿದ್ದಲಿಂಗೇಶನ ಕೈಗೆ ಕೊಟ್ಟ ಕಡ್ಡಿಪೆಟ್ಟಿಗೆ

ಶಂಕ್ರೆವ್ವ ಒದ್ದೆ ಗೋಣಿಚೀಲವನ್ನು ಬೀಸಿ ಬೀಸಿ ಹೊಡೆದಳು. ಒಣದ್ರಾಕ್ಷಿ ಶೆಡ್ಡಿನ ಹಸಿರು ಪರದೆ ಕರಗಿ ತೊಟ್ಟಿಕ್ಕುತ್ತಿತ್ತು. ಗಂಡ ಶಿವಯೋಗೆಪ್ಪ ಮಣ್ಣು ಎರಚಿದ. ಬೆಂಕಿ ಆರಿತು. ಹತ್ತು ಹೆಜ್ಜೆ ಆಚೆ ನಿಂತಿದ್ದ ಮಗ, ಇಪ್ಪತ್ತಾರರ ಸಿದ್ದಲಿಂಗೇಶ, ಹೊಗೆಯಿಂದ ಕಣ್ಣು ಕೀಳಲಿಲ್ಲ. ಇದು ಅವನು ಈ ವರ್ಷ ಹಚ್ಚಿದ ನಾಲ್ಕನೇ ಬೆಂಕಿ.

ಹೊಗೆ ಕಂಡು ಓಡಿಬಂದಿದ್ದ ಆಶಾ ಕಾರ್ಯಕರ್ತೆ ವಿಶಾಖಾ ಅವನನ್ನೇ ಕೇಳಿದಳು: "ಯಾರ ಮ್ಯಾಲರೆ ಸಿಟ್ಟೇನಪಾ?"

"ಇಲ್ರಿ." ಅವನ ಬೆರಳುಗಳು ಸುಮ್ಮನಿರಲಿಲ್ಲ. "ಎದಿ ಬಿಗದಂಗ ಆಗತೈತ್ರಿ. ಹಚ್ಚಿದ್ರ ಸಡ್ಲ ಆಗತೈತಿ. ಆಮ್ಯಾಲ ನಾಚಿಕಿ. ಮತ್ತ ಬಿಗೀತೈತಿ."

"ಸುಡಗಾಡ ಚಟ," ಅಂದ ಶಿವಯೋಗೆಪ್ಪ. "ಅದಕ್ಕ ಒಣದ್ರಾಕ್ಷಿ ಬಣ್ಣ ಕೆಡದಂಗ ಗಂಧಕ ಸುಟ್ಟು ಹೊಗಿ ಹಾಕೋ ಕೆಲಸಾ ಇವಂಗ ಕೊಟ್ಟೇನಿ. ದಿನಾ ಕಡ್ಡಿ ಗೀರಲಿ, ಹಸಿವು ತೀರಲಿ."

"ಕುಡುಕನ್ನ ಸೆರೆ ಅಂಗಡಿ ಕಾಯಾಕ ಕುಂದ್ರಿಸಿದಂಗ ಆತಲ್ರಿ ಕಾಕಾ," ಅಂದಳು ವಿಶಾಖಾ.

"ಇದನ್ನ ನಾ ಹೇಳಿದ್ರ ಬಾಯಿ ಮುಚ್ಚ ಅಂದ್ರಿ," ಅಂದಳು ಶಂಕ್ರೆವ್ವ.

"ಇದು ಪೈರೋಮೇನಿಯಾ ಇರಬಹುದ್ರಿ," ಅಂದಳು ವಿಶಾಖಾ. "ಅಂದ್ರ ಬೆಂಕಿ ಹಚ್ಚೋ ಗೀಳು. ಸಿಟ್ಟಿಲ್ಲ, ಲಾಭ ಇಲ್ಲ. ಹಚ್ಚೋತನಕ ಜೀವಕ್ಕ ಸಮಾಧಾನ ಇಲ್ಲ. ಭಾಳ ಅಪರೂಪ. ಬೆಂಕಿ ಹಚ್ಚಿದವರೆಲ್ಲಾ ಗೀಳಿನವರಲ್ಲ. ಹೌದೋ ಅಲ್ಲೋ ಡಾಕ್ಟರೇ ಹೇಳಬೇಕು."

"ಗುಳಿಗಿ ನುಂಗಿದ್ರ ಬೆಂಕಿ ಆರತೈತೇನು?" ಅಂದ ಶಿವಯೋಗೆಪ್ಪ.

"ಮಾತಿನ ಚಿಕಿತ್ಸಾ ಐತ್ರಿ. ಎದಿ ಬಿಗದಾಗ ಏನ ಮಾಡಬೇಕಂತ ಕಲಿಸ್ತಾರ. ಬೇಕಾದ್ರ ಗುಳಿಗಿನೂ ಕೊಡ್ತಾರ. ಅಲ್ಲೀತನಕ ಕಡ್ಡಿಪೆಟಗಿ ಇವನ ಕೈಗೆ ಸಿಗಬಾರದು."

"ಮಂದಿ ಏನಂದಾರು?"

"ಬಾಜೂ ಶೆಡ್ಡಿನ್ಯಾಗ ಕೂಲಿಯವರು ಮಕ್ಕಳನ್ನ ಮಲಗಿಸಿರ್ತಾರ. ನಾಳೆ ಅದಕ್ಕ ಹತ್ತಿದ್ರ?"

ಶಿವಯೋಗೆಪ್ಪ ಕಪ್ಪಾದ ಪರದೆಯನ್ನು ನೋಡಿದ. ಮರುದಿನ ತಂದೆ, ತಾಯಿ, ಮಗ ಮೂವರೂ ಡಾಕ್ಟರನ್ನು ಕಾಣಲು ವಿಜಯಪುರದ ಬಸ್ ಹತ್ತಿದರು.

ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಚಡಪಡಿಸುತ್ತಿದ್ದರೆ ಹೊಡೆಯಬೇಡಿ, ಮುಚ್ಚಿಡಬೇಡಿ. ನಿಮ್ಮದೇ ಉಪಾಯ ಹೂಡುತ್ತ ಕೂರಬೇಡಿ. ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಉಚಿತ. ಇವತ್ತೇ ಮಾಡಿ, ಮುಂದಿನ ಬೆಂಕಿ ಕಾಯುವುದಿಲ್ಲ.

ಚಿಕಿತ್ಸೆ ಶುರುವಾಗಿ ಎರಡು ತಿಂಗಳಾದ ಮೇಲೆ ಒಂದು ಮುಂಜಾನೆ, ಸಿದ್ದಲಿಂಗೇಶನ ಬದಲು ಗಂಧಕ ಹಚ್ಚುತ್ತಿದ್ದ ಆಳು ಬರಲಿಲ್ಲ. ಶಿವಯೋಗೆಪ್ಪ ಮಗನತ್ತ ಕಡ್ಡಿಪೆಟ್ಟಿಗೆ ಚಾಚಿದ.

"ಈಗ ಆರಾಮ ಅದಿಯಲ್ಲ. ಇದೊಂದ ಸಲಾ ನೀನ ಗಂಧಕ ಹಚ್ಚಲೇ."

ಸಿದ್ದಲಿಂಗೇಶನ ಬೆರಳುಗಳು ಒಮ್ಮೆ ಮಿಡಿದವು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಒಲ್ಲೆ."